ಪ್ರೋಟೀನಿಗೆ ಪಾಲಿಮರ್ ಸರಪಳಿಯ ಆಸರೆ



ಪ್ರೋಟೀನು ಆಹಾರವೆಂಬುದು ಎಲ್ಲರೂ ಬಲ್ಲ ಮಾತು. ಅದು ಔಷಧವೂ ಹೌದೆಂಬುದನ್ನು ಮಧುಮೇಹದವರು ಇನ್ಸುಲಿನ್ನಿನಿಂದ ಅರಿತಿದ್ದಾರೆ. ಆದರೆ ಔಷಧವಾಗಿ ಪ್ರೋಟೀನು ಬಹಳ ಅಲ್ಪಾಯು. ನುಂಗಿದರೆ ಜಠರವು ಅದನ್ನು ಬೇಳೆಯಂತೆಯೇ ಅರಗಿಸಿಬಿಡುತ್ತದೆ. ಸೂಜಿಯ ಮೂಲಕ ಸೇರಿಸಿದರೆ ದೇಹದ ಕಿಣ್ವಗಳು ಅದನ್ನು ತುಂಡರಿಸುತ್ತವೆ. ಗಾತ್ರ ಚಿಕ್ಕದಾಗಿದ್ದರೆ ಮೂತ್ರಪಿಂಡವು ಸೋಸಿ ಹೊರಹಾಕುತ್ತದೆ. ಪರಕೀಯವಾಗಿದ್ದರೆ ದೇಹದ ರಕ್ಷಣಾ ವ್ಯವಸ್ಥೆಯು ಅದರ ವಿರುದ್ಧ ಪ್ರತಿಕಾಯಗಳನ್ನು ಸಜ್ಜುಗೊಳಿಸುತ್ತದೆ. ಈ ಕಾಟಗಳಿಂದ ಪ್ರೋಟೀನನ್ನು ಪಾರುಮಾಡಲು ವಿಜ್ಞಾನಿಗಳು ಕಂಡುಕೊಂಡ ಒಂದು ಉಪಾಯವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದುದು ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರು. ಇದಕ್ಕೆ ಮದ್ದೊಂದು ದೊರೆತ ಬಗೆ ಸ್ವಾರಸ್ಯಕರವಾದುದು. 1953ರಲ್ಲಿ ಅಮೆರಿಕದ ಜಾನ್ ಕಿಡ್ ಅವರು ಗಿನಿಪಿಗ್ ಪ್ರಾಣಿಯ ರಕ್ತದ ಸೀರಂ ಅನ್ನು ಗೆಡ್ಡೆಗಳಿದ್ದ ಇಲಿಗಳಿಗೆ ಚುಚ್ಚಿದಾಗ ಗೆಡ್ಡೆಗಳು ಕರಗಿದವು. ಬೇರೆ ಕೆಲವು ಪ್ರಾಣಿಗಳ ಸೀರಂನಿಂದ ಹಾಗಾಗಲಿಲ್ಲ. ಇದಕ್ಕೆ ಕಾರಣ ಆಸ್ಪರಜಿನೇಸ್ ಎಂಬ ಕಿಣ್ವವೆಂದು 1960ರ ದಶಕದಲ್ಲಿ ಜಾನ್ ಬ್ರೂಮ್ ತೋರಿಸಿಕೊಟ್ಟರು. ಆಸ್ಪರಜಿನ್ ಒಂದು ಅಮೈನೋ ಆಮ್ಲ. ಆರೋಗ್ಯವಂತ ಜೀವಕೋಶಗಳು ಅದನ್ನು ತಾವೇ ತಯಾರಿಸಿಕೊಳ್ಳಬಲ್ಲವು. ಲ್ಯುಕೇಮಿಯದ ಕೋಶಗಳಿಗೆ ಬೇಕಾದಷ್ಟು ತಯಾರಿಸಿಕೊಳ್ಳುವ ಶಕ್ತಿಯಿಲ್ಲ, ಅವು ರಕ್ತದಲ್ಲಿರುವುದನ್ನೇ ನೆಚ್ಚಿಕೊಂಡಿವೆ. ರಕ್ತದ ಆಸ್ಪರಜಿನ್ ಅನ್ನು ಈ ಕಿಣ್ವ ಒಡೆದುಹಾಕಿದರೆ ರೋಗದ ಕೋಶಗಳು ಉಪವಾಸದಿಂದ ಸಾಯುತ್ತವೆ.

ಔಷಧಕ್ಕೆ ಬೇಕಾದ ಕಿಣ್ವವನ್ನು ಈ. ಕೋಲಿ ಎಂಬ ಬ್ಯಾಕ್ಟೀರಿಯಾದಿಂದ ಪಡೆಯಲಾಯಿತು. ಆದರೆ ದೇಹಕ್ಕೆ ಸೇರಿದ ಕಿಣ್ವದ ಅರ್ಧಪಾಲು ಸುಮಾರು ಒಂದೂಕಾಲು ದಿನದಲ್ಲೇ ಕಣ್ಮರೆಯಾಗುತ್ತಿತ್ತು. ಹಾಗಾಗಿ ವಾರಕ್ಕೆ ಮೂರು ಬಾರಿಯಂತೆ ಮಗುವಿನ ಸ್ನಾಯುವಿಗೆ ಸೂಜಿ ಚುಚ್ಚಬೇಕಾಗುತ್ತಿತ್ತು. ಅದರ ಮೇಲೆ, ಬ್ಯಾಕ್ಟೀರಿಯಾದ ಪ್ರೋಟೀನಾದುದರಿಂದ ಅನೇಕ ಮಕ್ಕಳಿಗೆ ಅಲರ್ಜಿಯ ಕಾಟ.

ಪರಿಹಾರದ ಬೀಜ ಮೊಳೆತದ್ದು ಬೇರೆಡೆ. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಫ್ರಾಂಕ್ ಡೇವಿಸ್ ಮತ್ತು ಅಬ್ರಹಾಂ ಅಬುಚೌಸ್ಕಿ ಅವರು 1977ರಲ್ಲಿ, ಪ್ರೋಟೀನುಗಳಿಗೆ ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಗಳನ್ನು ಅಂಟಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಇದೇನೂ ಅಪರೂಪದ ವಸ್ತುವಲ್ಲ. ಮುಲಾಮುಗಳಲ್ಲೂ ಮಲಬದ್ಧತೆಯ ಔಷಧಗಳಲ್ಲೂ ಬಳಕೆಯಲ್ಲಿರುವ ಪಾಲಿಮರ್. ಅದರ ಪ್ರತಿ ಕೊಂಡಿಯೂ ಎರಡು ಮೂರು ನೀರಿನ ಅಣುಗಳನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಸರಪಳಿ ಧರಿಸಿದ ಪ್ರೋಟೀನಿನ ಸುತ್ತ ನೀರಿನದೊಂದು ಹೊದಿಕೆ ಏರ್ಪಡುತ್ತದೆ. ಗಾತ್ರ ಹಿಗ್ಗುವುದರಿಂದ ಮೂತ್ರಪಿಂಡದ ಜರಡಿಯಲ್ಲಿ ಅದು ಸುಲಭವಾಗಿ ನುಸುಳದು. ಕತ್ತರಿಸುವ ಕಿಣ್ವಗಳಿಗೂ ಪ್ರತಿಕಾಯಗಳಿಗೂ ಸುಲಭವಾಗಿ ಕೈಗೆಟುಕದು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಹೊದಿಕೆ ಹೊದ್ದ ಪ್ರೋಟೀನು ತನ್ನ ಕೆಲಸವನ್ನಾದರೂ ಹೇಗೆ ಮಾಡೀತು? ಸಂದೇಹ ನ್ಯಾಯವಾದುದೇ. ಯಕೃತ್ತಿನ ಸೋಂಕಾದ ಹೆಪಟೈಟಿಸ್ ಸಿ ಚಿಕಿತ್ಸೆಗೆಂದು ಇಂಟರ್‌ಫೆರಾನ್ ಎಂಬ ಪ್ರೋಟೀನಿಗೆ ದೊಡ್ಡ ಸರಪಳಿಯೊಂದನ್ನು ಜೋಡಿಸಿದಾಗ, ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದರ ಚಟುವಟಿಕೆ ಮೂಲದ ಶೇಕಡಾ 7ಕ್ಕೆ ಇಳಿದಿತ್ತು. ಅಷ್ಟನ್ನೇ ನೋಡಿ ತೀರ್ಮಾನಿಸಿದ್ದರೆ ಅದನ್ನು ಬಿಸಾಡಬೇಕಿತ್ತು. ಆದರೆ ರೋಗಿಯ ದೇಹದಲ್ಲಿ, ವಾರಕ್ಕೆ ಮೂರು ಬಾರಿ ಕೊಡುತ್ತಿದ್ದ ಹಳೆಯ ಇಂಟರ್‌ಫೆರಾನಿಗಿಂತ ವಾರಕ್ಕೊಮ್ಮೆ ಕೊಟ್ಟ ಈ ಹೊಸದು ಹೆಚ್ಚು ಫಲ ನೀಡಿತು. ಹರಿತ ಕುಗ್ಗಿದರೂ ಬಾಳಿಕೆ ಹೆಚ್ಚಿತು. ಒಟ್ಟು ಲೆಕ್ಕದಲ್ಲಿ ಬಾಳಿಕೆಯೇ ಗೆದ್ದಿತು. 2014ರ ಆಸುಪಾಸಿನಲ್ಲಿ ಬಂದ ಮಾತ್ರೆಗಳು ಆ ರೋಗದ ಚಿಕಿತ್ಸೆಯಲ್ಲಿ ಇಂಟರ್‌ಫೆರಾನನ್ನು ಬಹುಮಟ್ಟಿಗೆ ಹಿಂದೆ ಸರಿಸಿವೆ ಎಂಬುದು ಬೇರೆ ಮಾತು.

ಆಸ್ಪರಜಿನೇಸ್ ಈ ವಿಷಯದಲ್ಲಿ ಇನ್ನಷ್ಟು ಅದೃಷ್ಟಶಾಲಿ. ಇಂಟರ್‌ಫೆರಾನ್ ಜೀವಕೋಶದ ಮೇಲಿರುವ ದೊಡ್ಡ ಗ್ರಾಹಕವೊಂದಕ್ಕೆ ಅಂಟಿಕೊಳ್ಳಬೇಕು. ಹೊದಿಕೆ ಅದಕ್ಕೆ ಅಡ್ಡಿ. ಆಸ್ಪರಜಿನ್ ಆದರೋ ಪುಟ್ಟ ಅಣು. ಹೊದಿಕೆಯ ಎಳೆಗಳ ನಡುವೆ ನುಸುಳಿ ಕಿಣ್ವವನ್ನು ತಲುಪುತ್ತದೆ. ಸರಪಳಿ ತೊಟ್ಟ ಕಿಣ್ವವು 1994ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಮೊದಲು ಹಳೆಯ ಔಷಧಕ್ಕೆ ಅಲರ್ಜಿಯಾದವರಿಗೆ ಮಾತ್ರ, 2006ರಿಂದ ಹೊಸ ರೋಗಿಗಳಿಗೂ. ಅದರ ಅರ್ಧಪಾಲು ಇಳಿಯಲು 5 ದಿನಗಳಿಗೂ ಹೆಚ್ಚು ಕಾಲ ಬೇಕು. ಅಮೆರಿಕದಲ್ಲಿ 118 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಚಿಕಿತ್ಸೆಯ ಮೊದಲ ಹಂತದಲ್ಲಿ ಹಳೆಯ ಔಷಧದ 9 ಚುಚ್ಚುಮದ್ದುಗಳ ಜಾಗದಲ್ಲಿ ಹೊಸದರ ಒಂದೇ ಒಂದನ್ನು ಕೊಡಲಾಯಿತು. ಒಂಬತ್ತಕ್ಕೂ ಒಂದಕ್ಕೂ ಇರುವ ಅಂತರವೆಷ್ಟೆಂಬುದನ್ನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕಾದ ತಾಯಿಯನ್ನು ಕೇಳಬೇಕು.

ಇದೇ ವಿಧಾನದ ಇನ್ನೊಂದು ಔಷಧ ಪೆಗ್‌ಫಿಲ್‌ಗ್ರಾಸ್ಟಿಮ್. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಿಳಿ ರಕ್ತಕಣಗಳು ಕುಸಿದಾಗ ದಿನವೂ ಕೊಡಬೇಕಿದ್ದ ಚುಚ್ಚುಮದ್ದನ್ನು ಇದು ಪ್ರತಿ ಸುತ್ತಿಗೆ ಒಂದಕ್ಕೆ ಇಳಿಸಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಮೈಲಾನ್ ಜೊತೆಗೂಡಿ ರೂಪಿಸಿದ ಇದರ ಸಮಾನ ಔಷಧಕ್ಕೆ 2018ರಲ್ಲಿ ಅಮೆರಿಕದ ಮಂಜೂರಾತಿ ದೊರೆಯಿತು.

ಸರಪಳಿಯೇ ತೊಡಕಾಗುವುದೂ ಉಂಟು. ದೇಹವು ಈ ಪಾಲಿಮರನ್ನು ಗುರುತಿಸದೆಂಬ ನಂಬಿಕೆ ಬಹುಕಾಲ ಇತ್ತು. 2010ರಲ್ಲಿ ತೀವ್ರ ಗೌಟ್ ವಾತಕ್ಕೆಂದು ಬಂದ ಪೆಗ್ಲೋಟಿಕೇಸ್ ಆ ನಂಬಿಕೆಯನ್ನು ಅಲುಗಿಸಿತು: ಹಲವು ರೋಗಿಗಳಲ್ಲಿ ಪ್ರತಿಕಾಯಗಳು ಹುಟ್ಟಿದವು, ಅದೂ ಮುಖ್ಯವಾಗಿ ಕಿಣ್ವದ ವಿರುದ್ಧವಲ್ಲ, ಸರಪಳಿಯ ವಿರುದ್ಧವೇ. ಲ್ಯುಕೇಮಿಯದ ಔಷಧಕ್ಕೂ ಈ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ಚುಚ್ಚುಮದ್ದಾದ ಬಳಿಕ ಮಗುವನ್ನು ಒಂದು ಗಂಟೆಯ ಕಾಲ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರೆ. ಹೊತ್ತಾಯಿತೆಂದು ತಂದೆತಾಯಿಗಳು ಅವಸರಿಸಬಾರದು. ಹಿಂದೆ ಯಾವುದೇ ಔಷಧಕ್ಕೆ ದದ್ದು ಎದ್ದಿದ್ದರೆ, ಉಬ್ಬಸ ಬಂದಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಕೆಲವೊಮ್ಮೆ ಹೊರಗೆ ಯಾವ ಲಕ್ಷಣವೂ ಕಾಣದೆ ಪ್ರತಿಕಾಯಗಳು ಔಷಧವನ್ನು ಸದ್ದಿಲ್ಲದೆ ನಿಷ್ಕ್ರಿಯಗೊಳಿಸುತ್ತವೆ. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಇದಕ್ಕಾಗಿಯೇ ರಕ್ತದಲ್ಲಿನ ಕಿಣ್ವದ ಚಟುವಟಿಕೆಯನ್ನು ಅಳೆಯುತ್ತಾರೆ. ಅದು ಸಾಲದಷ್ಟು ಇಳಿದಿದೆಯೆಂದು ಕಂಡುಬಂದರೆ, ಅರ್ವಿನಿಯ ಎಂಬ ಬೇರೊಂದು ಬ್ಯಾಕ್ಟೀರಿಯಾದಿಂದ ಪಡೆದ ಕಿಣ್ವಕ್ಕೆ ಬದಲಾಯಿಸಿ ಚಿಕಿತ್ಸೆಯನ್ನು ಮುಂದುವರಿಸುತ್ತಾರೆ.