ಆನರ್ಸ್‌ಗೆ ಸೇರುವ ಮುನ್ನ

ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ 1931ರಲ್ಲಿ ಹುಟ್ಟಿದ ಎಂ. ಚಿದಾನಂದಮೂರ್ತಿ ಮೈಸೂರು ವಿಶ್ವವಿದ್ಯಾಲಯದ ಬಿ.ಎ. ಆನರ್ಸ್ ಮುಗಿಸಿದ್ದು 1953ರಲ್ಲಿ, ಎಂ.ಎ. ಆಗಿದ್ದು 1957ರಲ್ಲಿ. ಮುಂದೆ ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಅವರು ಬರೆದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಇಂದಿಗೂ ಶಾಸನ ಓದುವವರು ಮೊದಲು ಕೈಗೆತ್ತಿಕೊಳ್ಳುವ ಗ್ರಂಥ. ಕಲ್ಲಿನ ಮೇಲಿನ ದಾನದ ಲೆಕ್ಕದಿಂದ ಆ ಕಾಲದ ಜನ ಹೇಗೆ ಬದುಕಿದ್ದರು ಎಂಬುದನ್ನು ಹೊರತೆಗೆಯಬಹುದು ಎಂದು ಅದು ತೋರಿಸಿಕೊಟ್ಟಿತು. ಆನರ್ಸ್ ಎಂಬ ಪದವಿಯಿಂದ ಹಳ್ಳಿಯ ಮಗುವಿಗೆ ಏನು ಸಿಕ್ಕೀತು ಎಂದು ಕೇಳುವವರಿಗೆ ಚನ್ನಗಿರಿಯ ನೆಲದಲ್ಲೇ ಇಂಥದೊಂದು ಉತ್ತರವಿದೆ.

ಆದರೆ ಅದೊಂದೇ ಉತ್ತರವಲ್ಲ. ಕುವೆಂಪು 1927ರಲ್ಲಿ ಮೈಸೂರಿನಲ್ಲಿ ಬಿ.ಎ. ಮುಗಿಸಿ, ಎರಡು ವರ್ಷ ಓದಿ 1929ರಲ್ಲಿ ಎಂ.ಎ. ಪಡೆದರು. ಹಳೆಯ ಮೈಸೂರಿನ ವ್ಯವಸ್ಥೆಯಲ್ಲಿ ಎರಡು ದಾರಿಗಳಿದ್ದವು. ಇಂಟರ್‌ಮೀಡಿಯೆಟ್ ಆದ ಮೇಲೆ ಎರಡು ವರ್ಷದ ಸಾಮಾನ್ಯ ಬಿ.ಎ. ಮಾಡಿ ಎರಡು ವರ್ಷದ ಎಂ.ಎ.ಗೆ ಹೋಗಬಹುದಿತ್ತು, ಇಲ್ಲವೇ ಮೂರು ವರ್ಷದ ಆನರ್ಸ್ ಮಾಡಿ ಒಂದೇ ವರ್ಷದಲ್ಲಿ ಎಂ.ಎ. ಮುಗಿಸಬಹುದಿತ್ತು. ಕೂಡಿದರೆ ಎರಡೂ ನಾಲ್ಕೇ ವರ್ಷ. ಸಾಮಾನ್ಯ ಬಿ.ಎ.ಯ ದಾರಿಯಲ್ಲಿ ಹೋದವರು ಕುವೆಂಪು, ಆನರ್ಸ್ ದಾರಿಯಲ್ಲಿ, ನಡುವೆ ಕೆಲವು ವರ್ಷ ಬಿಟ್ಟು, ಚಿದಾನಂದಮೂರ್ತಿ. ಒಂದೇ ವಿಷಯದಲ್ಲಿ ಬೇಗ ಮುಳುಗಬೇಕೆಂದವರಿಗೆ ಆನರ್ಸ್, ಇನ್ನೂ ಸ್ವಲ್ಪ ಕಾಲ ನಾಲ್ಕಾರು ವಿಷಯ ನೋಡಿ ತೀರ್ಮಾನಿಸುತ್ತೇನೆ ಎಂದವರಿಗೆ ಸಾಮಾನ್ಯ ಪದವಿ ಎಂಬುದಷ್ಟೇ ಅವೆರಡರ ನಡುವಿನ ವ್ಯತ್ಯಾಸವಾಗಿತ್ತು.

ಇವತ್ತಿನ ಆನರ್ಸ್ ಚರ್ಚೆಗೆ ಈ ಹಳೆಯ ಲೆಕ್ಕವೇ ಬೆಳಕು ಕೊಡುತ್ತದೆ.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021ರ ಆಗಸ್ಟ್‌ನಲ್ಲಿ ಒಪ್ಪಿಕೊಂಡಿತು. 2021–22ರಲ್ಲಿ ಪದವಿಗೆ ಸೇರಿದವರಿಗೆ ಹೇಳಿದ್ದು ಇಷ್ಟು: ಮೊದಲ ವರ್ಷಕ್ಕೆ ನಿಂತರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಪದವಿ, ಆಮೇಲೆ ಒಂದೇ ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಸರ್ಕಾರ ಬದಲಾಯಿತು. ಯು.ಜಿ.ಸಿ.ಯ ಮಾಜಿ ಅಧ್ಯಕ್ಷ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ 2023ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ 8ರಂದು ಆದೇಶ ಹೊರಬಿತ್ತು. 2024–25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಪದವಿ ಬಂತು. ಹಿಂದಿನ ಮೂರು ವರ್ಷಗಳಲ್ಲಿ ಸೇರಿದ್ದವರಿಗೆ ಮಾತ್ರ ನಾಲ್ಕನೆಯ ವರ್ಷ ಓದುವ ಅವಕಾಶ ಉಳಿಯಿತು. ಆ ಪೈಕಿ 2023–24ರಲ್ಲಿ ಸೇರಿದ ಕೊನೆಯ ತಂಡಕ್ಕೆ ನಾಲ್ಕನೆಯ ವರ್ಷ 2026–27.

ಈಗ ಪಿಯುಸಿ ಮುಗಿಸುವ ಹುಡುಗ ಹುಡುಗಿಯರ ಮುಂದಿರುವ ಪ್ರಶ್ನೆಯ ರೂಪವೇ ಬೇರೆ. ಊರಿನ ಕಾಲೇಜಿನಲ್ಲಿ ಮೂರು ವರ್ಷ ಓದುವುದೋ, ಅಥವಾ ಊರು ಬಿಟ್ಟು, ನಾಲ್ಕು ವರ್ಷದ ಆನರ್ಸ್ ಇರುವ ಕೇಂದ್ರೀಯ ಅಥವಾ ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋಗುವುದೋ?

ಉತ್ತರ ಎಲ್ಲ ಊರಿಗೂ ಒಂದೇ ಅಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ಒಂದೇ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಾದರೂ ಒಂದೇ ಬಗೆಯ ಊರುಗಳಲ್ಲ. ಚನ್ನಗಿರಿ, ಹೊನ್ನಾಳಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಜಿಲ್ಲೆ ಬದಲಾದರೂ ಬಸ್ಸಿನ ದಾರಿ ಬದಲಾಗಲಿಲ್ಲ. ನ್ಯಾಮತಿ, ಹೊನ್ನಾಳಿಯ ಮಕ್ಕಳಿಗೆ ಶಿವಮೊಗ್ಗವೇ ಹತ್ತಿರ. ಅಲ್ಲಿನ ಸಹ್ಯಾದ್ರಿ ಕಾಲೇಜು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಅವರಿಗೆ ಪರಿಚಿತ ಹೆಸರುಗಳು. ಜಗಳೂರಿನವರು ದಾವಣಗೆರೆಗೇ ಬರಬೇಕು. 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ಆವರಣ ಶಿವಗಂಗೋತ್ರಿ ತೋಳಹುಣಸೆಯಲ್ಲಿದೆ.

ತೋಟದ ಅಡಿಕೆಗೆ ಬೆಲೆ ಬಂದ ವರ್ಷ ಚನ್ನಗಿರಿಯ ಮನೆಯೊಂದು ಮಗನನ್ನು ಬೆಂಗಳೂರಿಗೆ ಕಳಿಸುವ ಧೈರ್ಯ ಮಾಡೀತು. ಮಳೆ ನಂಬಿ ಮೆಕ್ಕೆಜೋಳ ಹಾಕುವ ಜಗಳೂರಿನ ಮನೆಯಲ್ಲಿ ಅದೇ ಮಾತು ತೆಗೆದರೆ, “ಮೂರು ವರ್ಷಕ್ಕೇ ಡಿಗ್ರಿ ಕೈಗೆ ಬರ್ತೈತಿ ಅಂದ್ಮೇಲೆ ಇನ್ನೊಂದು ವರ್ಷ ಯಾಕವ್ವ?” ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಅದು ಪೂರ್ತಿ ನ್ಯಾಯವಾದ ಪ್ರಶ್ನೆ.

ಅದಕ್ಕೆ ನೇರ ಉತ್ತರ ಕೊಡಬೇಕು. ಕೆ.ಎ.ಎಸ್., ಪಿ.ಡಿ.ಒ., ಎಫ್.ಡಿ.ಎ., ಪಿ.ಎಸ್.ಐ., ಬ್ಯಾಂಕ್ ಪರೀಕ್ಷೆಗಳಿಗೆ ಪದವಿಯಾದರೆ ಸಾಕು. ಮೂರು ವರ್ಷದ ಪದವಿಗೂ ನಾಲ್ಕು ವರ್ಷದ್ದಕ್ಕೂ ಅಲ್ಲಿ ಭೇದವಿಲ್ಲ. ಹೈಸ್ಕೂಲು ಮೇಷ್ಟರಾಗಬೇಕೆಂದವರಿಗೆ ಮೂರು ವರ್ಷದ ಪದವಿ, ಮೇಲೆ ಎರಡು ವರ್ಷದ ಬಿ.ಇಡಿ. ಇದೆ. ಎಂ.ಎ. ಮಾಡುವವರಿಗೆ ಮೂರು ಮತ್ತು ಎರಡು, ನಾಲ್ಕು ಮತ್ತು ಒಂದು, ಎರಡೂ ಐದೇ ವರ್ಷ. ಹಳೆಯ ಮೈಸೂರಿನ ಲೆಕ್ಕ ಇಲ್ಲಿ ಮತ್ತೆ ಬಂದು ನಿಲ್ಲುತ್ತದೆ. ಹಣದ ಲೆಕ್ಕವೂ ಇದೆ. ರಾಜ್ಯ ಸರ್ಕಾರದ ಯುವನಿಧಿಗೆ ಶಿವಮೊಗ್ಗದಲ್ಲೇ 2024ರ ಜನವರಿ 12ರಂದು ಚಾಲನೆ ಸಿಕ್ಕಿತು. ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಸಿಗುವ ಆ ಭತ್ಯೆ ಓದು ಮುಂದುವರಿಸುವವರಿಗೆ ಇಲ್ಲ. ನಾಲ್ಕನೆಯ ವರ್ಷದ ಖರ್ಚು ಹಾಕುವಾಗ ಬಡ ಮನೆ ಇದನ್ನೂ ಎಣಿಸಬೇಕಾಗುತ್ತದೆ.

ಹಾಗಾದರೆ ಆನರ್ಸ್‌ನಿಂದ ನಿಜವಾಗಿ ಲಾಭವಾಗುವುದು ಯಾರಿಗೆ? ಸಂಶೋಧನೆಗೆ ಹೋಗುವವರಿಗೆ. ಯು.ಜಿ.ಸಿ. 2022ರಲ್ಲಿ ತಂದ ನಿಯಮಗಳ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರು ಎಂ.ಎ. ಇಲ್ಲದೆಯೇ ಪಿಎಚ್‌.ಡಿ.ಗೆ ಅರ್ಜಿ ಹಾಕಬಹುದು. ಮೀಸಲು ವರ್ಗದವರಿಗೆ ಶೇ. 5ರ ರಿಯಾಯಿತಿಯೂ ಇದೆ. 2024ರಿಂದ ಅವರು ನೆಟ್ ಪರೀಕ್ಷೆಯನ್ನೂ ಬರೆಯಬಹುದು. ಅದರ ಮೂಲಕ ಜೆ.ಆರ್.ಎಫ್., ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಕೂಲಿ ಮಾಡುವ ಮನೆಯ ಹುಡುಗಿಯೊಬ್ಬಳು ಇಪ್ಪತ್ತೆರಡರ ಹರೆಯದಲ್ಲಿ ಓದುತ್ತಲೇ ಇಷ್ಟು ಹಣ ಮನೆಗೆ ತರಬಲ್ಲಳು ಎಂಬುದು ಸಣ್ಣ ಮಾತಲ್ಲ. ವಿದೇಶದಲ್ಲಿ ಎಂ.ಎಸ್. ಮಾಡಬೇಕೆಂದವರಿಗೂ ನಾಲ್ಕು ವರ್ಷ ಅನುಕೂಲ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಒಟ್ಟು ಹದಿನಾರು ವರ್ಷದ ಓದನ್ನು ಕೇಳುತ್ತವೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೆ ಈ ಪ್ರಶ್ನೆ ಇನ್ನೊಂದು ವೇಷದಲ್ಲಿ ಬರುತ್ತದೆ. ಅಲ್ಲಿ ಪದವಿಯೇ ನಾಲ್ಕು ವರ್ಷದ್ದು. ಆನರ್ಸ್ ಕಾಲೇಜು ಎಂದರೆ ದೊಡ್ಡ ವಿಶ್ವವಿದ್ಯಾಲಯದ ಒಳಗಿನ ಒಂದು ಸಣ್ಣ ಕಾಲೇಜು. ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಫ್ರಾಂಕ್ ಆಯ್ಡಲಾಟ್ 1922ರಲ್ಲಿ ಆಕ್ಸ್‌ಫರ್ಡ್ ಮಾದರಿಯ ಆನರ್ಸ್ ಆರಂಭಿಸಿದರು. ಹೊರಗಿನ ಪರೀಕ್ಷಕರು ಬಂದು ವಿದ್ಯಾರ್ಥಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವ ಪದ್ಧತಿ ಅಲ್ಲಿದೆ. ಆರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಬ್ಯಾರೆಟ್ ಆನರ್ಸ್ ಕಾಲೇಜು 1988ರಲ್ಲಿ ಹುಟ್ಟಿತು. ಸಣ್ಣ ತರಗತಿ, ಒಬ್ಬ ಮಾರ್ಗದರ್ಶಕ, ಕೊನೆಗೆ ಒಂದು ಪ್ರಬಂಧ. ಸಾವಿರಾರು ಮಂದಿಯ ನಡುವೆ ವಿದ್ಯಾರ್ಥಿಯ ಹೆಸರು ಹಿಡಿದು ಕರೆಯುವ ಅಧ್ಯಾಪಕನೊಬ್ಬ ಸಿಗುತ್ತಾನೆ ಎಂಬುದೇ ಅಲ್ಲಿನ ಆನರ್ಸ್‌ನ ತಿರುಳು.

ಈ ತಿರುಳೇ ನಮ್ಮಲ್ಲಿ ಕಾಣೆಯಾಗಿತ್ತು. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವು ನಡೆಯುತ್ತಿರುವುದು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ದುಡಿಮೆಯಿಂದ. 2023ರ ಕೊನೆಯಲ್ಲಿ ಅವರು ಸೇವೆ ಕಾಯಂ ಮಾಡಿ ಎಂದು ಕೇಳಿ ಮುಷ್ಕರ ಹೂಡಿದಾಗ ಅನೇಕ ತಾಲ್ಲೂಕು ಕಾಲೇಜುಗಳಲ್ಲಿ ಪಾಠವೇ ನಿಂತಿತ್ತು. ಮುಂದಿನ ವರ್ಷ ತನ್ನ ಕೆಲಸವೇ ಇರುತ್ತದೋ ಇಲ್ಲವೋ ತಿಳಿಯದ ಅಧ್ಯಾಪಕ ಒಬ್ಬ ವಿದ್ಯಾರ್ಥಿಯ ಸಂಶೋಧನಾ ಪ್ರಬಂಧಕ್ಕೆ ಹೇಗೆ ಹೊಣೆ ಹೊರಬೇಕು? ಹೊಸ ಪ್ರಯೋಗಾಲಯ ಕಟ್ಟದೆ, ಗ್ರಂಥಾಲಯಕ್ಕೆ ಹಣ ಕೊಡದೆ, ಕಾಯಂ ಅಧ್ಯಾಪಕರನ್ನು ನೇಮಿಸದೆ ನಾಲ್ಕನೆಯ ವರ್ಷವನ್ನು ಘೋಷಿಸಿದ್ದು ತಪ್ಪು. ಅದಕ್ಕೆ ಬೇಕಾದದ್ದನ್ನು ಒದಗಿಸುವ ಬದಲು ಒಂದೇ ಆದೇಶದಲ್ಲಿ ವರ್ಷವನ್ನೇ ತೆಗೆದುಹಾಕಿದ್ದೂ ಸರಿಯಾದ ಪರಿಹಾರವಲ್ಲ. ಬಡವರು, ಹಳ್ಳಿಯ ಹೆಣ್ಣುಮಕ್ಕಳು ನಾಲ್ಕು ವರ್ಷ ಓದಲಾರದೆ ಬಿಟ್ಟುಹೋಗುತ್ತಾರೆ ಎಂಬ ಕಾಳಜಿಯಲ್ಲಿ ಸತ್ಯವಿದೆ. ಆದರೆ ಓದಬಲ್ಲವಳಿಗೂ ಆ ಬಾಗಿಲು ಈಗ ಜಿಲ್ಲೆಯಲ್ಲಿ ಇಲ್ಲ. ಹಣವಿದ್ದ ಮನೆಯ ಮಕ್ಕಳು ಬೆಂಗಳೂರಿಗೆ ಹೋಗಿ ಆನರ್ಸ್ ಓದುತ್ತಾರೆ, ಜಗಳೂರಿನ ಜಾಣೆ ಮೂರಕ್ಕೆ ನಿಲ್ಲುತ್ತಾಳೆ.

ದೆಹಲಿ ವಿಶ್ವವಿದ್ಯಾಲಯವೂ 2013ರಲ್ಲಿ ನಾಲ್ಕು ವರ್ಷದ ಪದವಿ ತಂದು, 2014ರಲ್ಲಿ ಹಿಂತೆಗೆದು, 2022ರಲ್ಲಿ ಮತ್ತೆ ತಂದಿತು. ನೀತಿ ಹೀಗೆ ಹಿಂದೆ ಮುಂದೆ ಆಡುವಾಗ ನಡುವೆ ಸಿಕ್ಕಿಬೀಳುವವರು ಆ ವರ್ಷ ಸೇರಿದ ಮಕ್ಕಳು.

ಸಂಶೋಧನೆಗೆ ವಿಷಯ ಬೇಕು. ಅದಕ್ಕಂತೂ ಈ ನಾಲ್ಕು ತಾಲ್ಲೂಕುಗಳಲ್ಲಿ ಬರವಿಲ್ಲ. ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರ, ನೂರಾರು ವರ್ಷಗಳಿಂದ ನೀರು ಕೊಡುತ್ತಿದೆ. ಅದರ ಹೂಳು, ಒತ್ತುವರಿ, ಹಳೆಯ ತೂಬುಗಳ ತಾಂತ್ರಿಕತೆ ಒಂದೊಂದೂ ಒಂದು ವರ್ಷದ ಕೆಲಸ. ಸಂತೇಬೆನ್ನೂರಿನ ಪುಷ್ಕರಣಿಯ ನಡುಮಂಟಪವನ್ನು ಅಳೆದು ಚಿತ್ರ ಬರೆಯುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕ ಪಾಠ. ಗದ್ದೆಗಳು ಅಡಿಕೆ ತೋಟಗಳಾದಂತೆ ಕೂಲಿ, ನೀರು, ಸಾಲ ಹೇಗೆ ಬದಲಾದವು ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿ ತನ್ನ ಊರಿನಲ್ಲೇ ಮನೆಮನೆ ತಿರುಗಿ ಕೇಳಬಹುದು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ದೇಶದ ಮೂಲೆಮೂಲೆಗಳಿಂದ ಲಂಬಾಣಿಗರು ಫೆಬ್ರವರಿಯಲ್ಲಿ ಅಲ್ಲಿ ಸೇರುತ್ತಾರೆ. ತನ್ನದೇ ಲಿಪಿಯಿಲ್ಲದ ಲಂಬಾಣಿ ಭಾಷೆಯ ಹಾಡು, ಗಾದೆಗಳನ್ನು ರೆಕಾರ್ಡ್ ಮಾಡಿ ಕನ್ನಡ ಲಿಪಿಯಲ್ಲಿ ಬರೆದಿಡಲು ತಾಂಡಾದ ಹುಡುಗಿಗಿಂತ ಯೋಗ್ಯರು ಯಾರು? ಜಗಳೂರಿನಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವಿದೆ. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿಗಾಗಿ ಅದು 2011ರಲ್ಲಿ ಘೋಷಣೆಯಾಯಿತು. ತುಂಗಭದ್ರೆಯ ನೀರನ್ನೆತ್ತಿ 57 ಕೆರೆ ತುಂಬಿಸುವ ಯೋಜನೆಯಿಂದ ಸುತ್ತಲಿನ ಕೊಳವೆಬಾವಿಗಳ ಮಟ್ಟ ಎಷ್ಟು ಏರಿತು ಎಂಬುದನ್ನು ಹಗ್ಗ ಇಳಿಬಿಟ್ಟು ತಿಂಗಳು ತಿಂಗಳೂ ಅಳೆಯಲು ದೊಡ್ಡ ಯಂತ್ರವೇನೂ ಬೇಡ.

ಚಿದಾನಂದಮೂರ್ತಿ ಅವರಿಗೆ ತೀ.ನಂ.ಶ್ರೀ. ಇದ್ದರು. ಇಂಥ ವಿಷಯಗಳಲ್ಲಿ ಕೈಹಿಡಿದು ನಡೆಸುವ ಗುರುಗಳಿದ್ದಲ್ಲಿ ಮಾತ್ರ ಆನರ್ಸ್‌ಗೆ ಸೇರಿ. ಇಲ್ಲದಿದ್ದಲ್ಲಿ ಹೆಸರಿಗಾಗಿ ಒಂದು ವರ್ಷ ಕಳೆಯಬೇಡಿ. ಊರಿನ ಕಾಲೇಜಿನಲ್ಲಿ ಮೂರು ವರ್ಷ ಚೆನ್ನಾಗಿ ಓದಿ, ತೋಳಹುಣಸೆಗೋ ಶಂಕರಘಟ್ಟಕ್ಕೋ ಎಂ.ಎ., ಎಂ.ಎಸ್ಸಿ.ಗೆ ಹೋಗುವುದು ಯಾವ ರೀತಿಯಲ್ಲೂ ಎರಡನೆಯ ದರ್ಜೆಯ ದಾರಿಯಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಉಚಿತವಾಗಿರುವುದರಿಂದ ದಿನವೂ ಹೋಗಿಬರುವ ಖರ್ಚೂ ಇಳಿದಿದೆ.

ಹೊರಗೆ ಹೋಗಲೇಬೇಕೆಂದು ನಿಶ್ಚಯಿಸಿದವರು ಪಿಯುಸಿ ಎರಡನೆಯ ವರ್ಷದ ಚಳಿಗಾಲದಲ್ಲೇ ಎಚ್ಚರಾಗಿರಬೇಕು. ಕಲಬುರಗಿ ಬಳಿಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಪ್ರವೇಶ ಸಿ.ಯು.ಇ.ಟಿ. ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಪಿಯುಸಿ ಫಲಿತಾಂಶ ಬರುವಷ್ಟರಲ್ಲಿ ಅರ್ಜಿಯ ಕಾಲ ಸಾಮಾನ್ಯವಾಗಿ ಮುಗಿದಿರುತ್ತದೆ. ಅರ್ಜಿ ಹಾಕುವ ಮೊದಲು ಆ ವಿಭಾಗದಲ್ಲಿ ಎಷ್ಟು ಕಾಯಂ ಅಧ್ಯಾಪಕರಿದ್ದಾರೆ, ಹಾಸ್ಟೆಲ್ ಸಿಗುತ್ತದೆಯೇ, ನಾಲ್ಕೂ ವರ್ಷಕ್ಕೆ ವಿದ್ಯಾರ್ಥಿವೇತನ ನಿಲ್ಲದೆ ಬರುತ್ತದೆಯೇ, ಮೂರಕ್ಕೇ ನಿಲ್ಲಬೇಕಾದರೆ ಪದವಿ ಕೈಗೆ ಬರುತ್ತದೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕೆಲವು ಸಂಸ್ಥೆಗಳು ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತವೆ. ಶುಲ್ಕದ ಅಂಕಿ ನೋಡಿದ ಕೂಡಲೇ ಹಿಂದೆ ಸರಿಯದೆ ಅದನ್ನೂ ವಿಚಾರಿಸಬೇಕು.

ಕೊನೆಗೆ ದತ್ತಿ ಇಡುವವರಿಗೆ ಒಂದು ವಿನಂತಿ. ನಮ್ಮ ತಾಲ್ಲೂಕುಗಳಲ್ಲಿ ಹಿರಿಯರ ನೆನಪಿಗೆ ಇಡುವ ದತ್ತಿಯ ಬಡ್ಡಿ ಒಂದು ಉಪನ್ಯಾಸಕ್ಕೆ, ಒಂದು ಪದಕಕ್ಕೆ ಹೋಗುತ್ತದೆ, ಅದು ಮುಂದುವರಿಯಲಿ. ಅದರ ಜೊತೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಸರ್ಕಾರಿ ಕಾಲೇಜುಗಳಲ್ಲಿ ವರ್ಷಕ್ಕೊಬ್ಬ ವಿದ್ಯಾರ್ಥಿ ತನ್ನ ಊರಿನ ಒಂದು ವಿಷಯ ಹಿಡಿದು ಕ್ಷೇತ್ರಕಾರ್ಯ ಮಾಡಲು, ಅದನ್ನು ಪ್ರಬಂಧವಾಗಿ ಬರೆಯಲು ಒಂದೊಂದು ದತ್ತಿ ಇಡಿ. ಬಸ್ ಚಾರ್ಜು, ಜೆರಾಕ್ಸು, ಒಂದು ಸಾಧಾರಣ ರೆಕಾರ್ಡರ್, ಮಾರ್ಗದರ್ಶನ ಮಾಡುವ ಅತಿಥಿ ಉಪನ್ಯಾಸಕರಿಗೆ ಗೌರವಧನ, ಇಷ್ಟಕ್ಕೆ ಹಣವಾದರೆ ಸಾಕು. ಮೂರು ವರ್ಷದ ಪದವಿಯೊಳಗೇ ಈ ಕೆಲಸ ನಡೆಯಬಲ್ಲದು. ಇದಕ್ಕೆ ಯಾವ ಸರ್ಕಾರಿ ಆದೇಶವನ್ನೂ ಕಾಯಬೇಕಾಗಿಲ್ಲ.