ಮಕ್ಕಳ ಎತ್ತರ, ಹೆತ್ತವರ ಚಿಂತೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳಪ್ಪ" ಎಂದು ಮೇಷ್ಟ್ರು ಹೇಳಿದ್ದರು. ಆ ವಿಷಯ ಈಗಿನ ಮಕ್ಕಳಿಗೆ ನನಗಿಂತ ಬೇಗ ತಿಳಿಯುತ್ತದೆ. ಅವರ ಅಪ್ಪ ಅಮ್ಮಂದಿರು ಯಾರ ಹತ್ತಿರವೂ ಹೇಳಿಕೊಳ್ಳದೆ ನುಂಗಿಕೊಳ್ಳುವ ಒಂದು ಚಿಂತೆಯ ಬಗ್ಗೆ ಮಾತಾಡುತ್ತೇನೆ.

ಹತ್ತನೆಯ ತರಗತಿ ಮುಗಿಯುವವರೆಗೂ ಪ್ರಾರ್ಥನೆಯ ಸಾಲಿನಲ್ಲಿ ನಾನೇ ಮೊದಲಿಗ. ಇಲ್ಲಿ ಕೂತಿರುವ ಗೆಳೆಯರಿಗೆ ಆಗಲೇ ಮೀಸೆ ಚಿಗುರಿತ್ತು, ನನಗಿನ್ನೂ ಗಂಟಲೂ ಒಡೆದಿರಲಿಲ್ಲ. ನನಗಿಂತ ಹೆಚ್ಚು ನೊಂದವಳು ಅವ್ವ. ಮದುವೆ ಮನೆಗೆ ಹೋದರೆ, "ಮಗೀಗೆ ಏನೂ ತಿನ್ಸಲ್ವ?" ಎಂದು ಯಾರಾದರೂ ಕೇಳೇ ಕೇಳುತ್ತಿದ್ದರು. ಮೊಟ್ಟೆ, ಡಬ್ಬದ ಪುಡಿ, ದೇವರಿಗೆ ಹರಕೆ, ಬೆಳಿಗ್ಗೆ ಎದ್ದು ಮರದ ಕೊಂಬೆಗೆ ಜೋತುಬೀಳುವುದು, ಎಲ್ಲವೂ ಆಯಿತು.

ಕೊನೆಗೆ ಪಟ್ಟಣದ ವೈದ್ಯರೊಬ್ಬರು ಎಡಗೈಯ ಎಕ್ಸ್‌ರೇ ತೆಗೆಸಿದರು. "ಕೈಗೇನೂ ಏಟಾಗಿಲ್ವಲ್ಲ ಸಾರ್" ಎಂದರು ಅಪ್ಪ. ಬೆರಳು, ಮಣಿಕಟ್ಟಿನ ಮೂಳೆಗಳನ್ನು ನೋಡಿದರೆ ಮೂಳೆಯ ವಯಸ್ಸು ತಿಳಿಯುತ್ತದೆ. ನನಗೆ 15 ತುಂಬಿತ್ತು, ಮೂಳೆಗೆ ಹನ್ನೆರಡೂವರೆ. ವೈದ್ಯರು ಅಪ್ಪನನ್ನು, "ನೀವು ಯಾವಾಗ ಉದ್ದ ಆದ್ರಿ?" ಎಂದು ಕೇಳಿದರು. "ಎಸ್ಸೆಸ್ಸೆಲ್ಸಿ ಆದ್ಮೇಲೆ" ಎಂದರು ಅಪ್ಪ. ಅಲ್ಲಿಗೆ ವಿಷಯ ತಿಳಿಯಿತು. ಕೆಲವು ಮನೆತನಗಳಲ್ಲಿ ಮೈ ಬಲಿಯುವುದೇ ತಡ. ಮೂಳೆ ಬಲಿತಿಲ್ಲ ಎಂದರೆ ಬೆಳೆಯಲು ಇನ್ನೂ ಕಾಲವಿದೆ ಎಂದರ್ಥ. ಔಷಧಿ ಕೊಡಲಿಲ್ಲ. ಪಿಯುಸಿ ಮುಗಿಯುವ ಹೊತ್ತಿಗೆ ನನ್ನ ಪ್ಯಾಂಟುಗಳೆಲ್ಲ ಗಿಡ್ಡವಾಗಿದ್ದವು.

ಇಷ್ಟನ್ನೇ ಹೇಳಿ ಕೂತರೆ ನೀವು ಸಮಾಧಾನವಾಗಿ ಮನೆಗೆ ಹೋಗುತ್ತೀರಿ. ಆದರೆ ಎರಡು ವರ್ಷದ ಹಿಂದೆ ಅಕ್ಕ ಫೋನ್ ಮಾಡಿದಳು. ಮಗಳಿಗೆ 13 ತುಂಬಿದೆ, ದೊಡ್ಡವಳಾಗುವ ಒಂದು ಲಕ್ಷಣವೂ ಇಲ್ಲ. "ಸೋದರಮಾವನ ಥರಾನೇ ಬಿಡು ಅಂತಾಳೆ ಅವ್ವ" ಎಂದಳು. ಹೋದ ವರ್ಷ ಎಷ್ಟು ಎತ್ತರ ಇದ್ದಳು ಎಂದು ಕೇಳಿದೆ. ಶಾಲೆಯ ಆರೋಗ್ಯ ಕಾರ್ಡಿನಲ್ಲಿ ಬರೆದಿತ್ತು. ಒಂದು ವರ್ಷಕ್ಕೆ ಬೆಳೆದದ್ದು ಎರಡೇ ಸೆಂಟಿಮೀಟರ್. ನಾನು ಗಿಡ್ಡನಾಗಿದ್ದೆ ನಿಜ, ಆದರೆ ಪ್ರತಿ ವರ್ಷವೂ ಬೆಳೆಯುತ್ತಿದ್ದೆ. ರಕ್ತಪರೀಕ್ಷೆಯಲ್ಲಿ ಅವಳ ಥೈರಾಯ್ಡ್ ಕಡಿಮೆ ಎಂದು ಬಂತು. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ. ಚೆನ್ನಾಗಿ ಬೆಳೆಯುತ್ತಿದ್ದಾಳೆ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ನೋಡಲು ಇಬ್ಬರೂ ಒಂದೇ, ವಯಸ್ಸಿಗೆ ತಕ್ಕ ಹಾಗೆ ಬೆಳೆಯದ ಮಕ್ಕಳು. ಕಾರಣ ಮಾತ್ರ ಬೇರೆ ಬೇರೆ. ಅದು ಗೊತ್ತಾದದ್ದು ವರ್ಷವರ್ಷದ ಅಳತೆಯಿಂದ. ಪಕ್ಕದ ಮನೆಯ ಹುಡುಗನ ಜೊತೆ ನಿಲ್ಲಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಮೈ ಬಲಿಯುವ ಮುನ್ನ ಶಾಲೆಯ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತಾರೆ. 4ಕ್ಕಿಂತ ಕಡಿಮೆಯಾದರೆ ವೈದ್ಯರಿಗೆ ತೋರಿಸಬೇಕು. ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಮೈಯಲ್ಲಿ ಪ್ರಾಯದ ಬದಲಾವಣೆ ಶುರುವಾಗದಿದ್ದರೂ ಅಷ್ಟೇ. ಥೈರಾಯ್ಡ್ ಅಲ್ಲದೆ ರಕ್ತಹೀನತೆ, ಬಹುಕಾಲದ ಕರುಳಿನ ಕಾಯಿಲೆ, ಸಾಲದ ಊಟ, ಕೆಲವು ಹೆಣ್ಣುಮಕ್ಕಳಲ್ಲಿ ಹುಟ್ಟಿನಿಂದಲೇ ಬಂದ ವರ್ಣತಂತುವಿನ ವ್ಯತ್ಯಾಸ, ಹೀಗೆ ಕಾರಣಗಳು ಹಲವು. ಮೂಳೆಯ ತುದಿ ಕೂಡಿಕೊಂಡ ಮೇಲೆ ಯಾವ ಪುಡಿಯೂ ಎತ್ತರ ಮಾಡುವುದಿಲ್ಲ. ಟಿವಿಯಲ್ಲಿ ಏನೇ ಹೇಳಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಮುಚ್ಚಿಡುವುದು ಹೆಚ್ಚು. ನಾಳೆ ಸಂಬಂಧ ನೋಡುವವರಿಗೆ ತಿಳಿದರೆ ಎಂಬ ಭಯ. ಅಷ್ಟರಲ್ಲಿ ಚಿಕಿತ್ಸೆಯ ಕಾಲ ಕಳೆದುಹೋಗುತ್ತದೆ.

ಪರೀಕ್ಷೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ವೈದ್ಯರ ತಂಡ ಬರಬೇಕು. 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆ ಉಚಿತ. ಆ ದಿನ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಡಿ.

ನಮ್ಮ ಬ್ಯಾಚಿನವರು ಗೋಡೆಗೆ ಹಾಕುವ ಎತ್ತರದ ಅಳತೆಪಟ್ಟಿ ಮತ್ತು ಒಂದು ತೂಕದ ಯಂತ್ರ ತಂದಿದ್ದೇವೆ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ, ಚಪ್ಪಲಿ ಬಿಚ್ಚಿಸಿ ಅಳೆದು ಪ್ರತಿ ಮಗುವಿನ ಹೆಸರಿನ ಮುಂದೆ ಬರೆದಿಡಿ. ಮೇಷ್ಟ್ರಲ್ಲಿ ಒಂದು ವಿನಂತಿ. ಪಟ್ಟಿಯನ್ನು ಜಗುಲಿಯ ಗೋಡೆಗೆ ಹಾಕಬೇಡಿ, ಒಳಗಿನ ಕೋಣೆಯಲ್ಲಿ ಹಾಕಿ. ಒಬ್ಬೊಬ್ಬರನ್ನೇ ಕರೆದು ಅಳೆಯಿರಿ. ಅಂಕಿಯನ್ನು ಗಟ್ಟಿಯಾಗಿ ಓದಬೇಡಿ.