‘ತಿಥಿ’ಯ ನಂತರ ಬಂದ ಚಿತ್ರಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ಉದ್ಯೋಗದ ಬಗ್ಗೆ ಮಾತನಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಸಿನಿಮಾ ಬಗ್ಗೆ ಮಾತನಾಡುತ್ತೇನೆ. ಅದೂ ದೊಡ್ಡ ಸಿನಿಮಾ ಅಲ್ಲ. ಕಡಿಮೆ ಖರ್ಚಿನಲ್ಲಿ ತಯಾರಾದ ಚಿತ್ರಗಳು, ಅವುಗಳ ಹಿಂದೆಯೇ ಬಂದು ಮರೆತುಹೋದ ಚಿತ್ರಗಳು, ಇವೇ ನನ್ನ ವಿಷಯ.

ಇದು ಕನ್ನಡಕ್ಕೆ ಹೊಸದಲ್ಲ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆದರು. ಜೇಮ್ಸ್ ಬಾಂಡ್ ಧಾಟಿಯ ಕಥೆ. ರಾಜ್‌ಕುಮಾರ್ ಸಿಐಡಿ 999. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಬಾಂಡ್ ಚಿತ್ರಕ್ಕೆ ಸುರಿಯುವಷ್ಟು ದುಡ್ಡು ಕನ್ನಡದಲ್ಲಿ ಎಲ್ಲಿತ್ತು? ಅದರ ಯಂತ್ರ, ಅಡಗುತಾಣಗಳನ್ನು ನೋಡಿದರೆ ಇವತ್ತಿನ ಮಕ್ಕಳಿಗೆ ನಗು ಬರುತ್ತದೆ. ಆದರೂ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಯಾಕೆಂದರೆ ರಾಜ್‌ಕುಮಾರ್ ಆ ಪಾತ್ರವನ್ನು ಉಡಾಫೆಯಿಂದ ಮಾಡಲಿಲ್ಲ. ನಾಲ್ಕನೆಯ ಚಿತ್ರದಲ್ಲಿ ಅವರು ಹಾಡಿದ ಇಂಗ್ಲಿಷ್ ಹಾಡನ್ನು, ಆ ಚಿತ್ರ ನೋಡದ ಹುಡುಗರೂ ಮೊಬೈಲಿನಲ್ಲಿ ಕೇಳುತ್ತಾರೆ. ಸಾಮಾನು ಅಗ್ಗದ್ದಾದರೂ ಶ್ರದ್ಧೆ ಅಗ್ಗದ್ದಲ್ಲ. ಇಂಥ ಚಿತ್ರಗಳ ಸೊಗಸು ಇರುವುದು ಅಲ್ಲಿ.

ಈಗ ನಮ್ಮ ಕಡೆಗೆ ಬರೋಣ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ, ಶ್ರೀರಂಗಪಟ್ಟಣದ ಕಾವೇರಿ ದಡಕ್ಕೆ ಎಷ್ಟೋ ಭಾಷೆಯ ಚಿತ್ರತಂಡಗಳು ಬಂದಿವೆ. ಅವರಿಗೆ ಬೇಕಾದದ್ದು ನಮ್ಮ ಕಲ್ಲು, ಕೊಳ, ಗೋಪುರ. ನಮ್ಮ ಮಾತು ಯಾರಿಗೂ ಬೇಕಿರಲಿಲ್ಲ. ನಮ್ಮವರು ಚಿತ್ರರಂಗಕ್ಕೆ ಹೋಗಿಲ್ಲವೆಂದಲ್ಲ. ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯ ಚಂದ್ರಶೇಖರ್ 1992ರಲ್ಲೇ ‘ಉಂಡೂ ಹೋದ ಕೊಂಡೂ ಹೋದ’ ನಿರ್ದೇಶಿಸಿದರು. ಶಿವರಾಜ್ ಕೆ.ಆರ್. ಪೇಟೆ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ನಟರಾದರು. ಆದರೂ ತೆರೆಯ ಮೇಲೆ ಮಂಡ್ಯದ ಮಾತು ಕೇಳಿಬಂದರೆ, ಸಾಮಾನ್ಯವಾಗಿ ಅದು ಹಾಸ್ಯದವನ ಬಾಯಲ್ಲೋ ರೌಡಿಯ ಬಾಯಲ್ಲೋ ಇರುತ್ತಿತ್ತು.

ಆಮೇಲೆ ‘ತಿಥಿ’ ಬಂತು. ನಮ್ಮ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರು ಮತ್ತು ನಿರ್ದೇಶಕ ರಾಮ್ ರೆಡ್ಡಿ ಸೇರಿ ಬರೆದ ಚಿತ್ರ. ನಟಿಸಿದವರು ಊರಿನ ಜನ; ಅದಕ್ಕೆ ಮುಂಚೆ ಬಣ್ಣ ಹಚ್ಚಿದವರಲ್ಲ. ಹಿನ್ನೆಲೆ ಸಂಗೀತವೂ ಇಲ್ಲ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿಯ ಚಿಂತೆಯಿಲ್ಲ, ಅಲೆದಾಡಿಕೊಂಡಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಧ್ಯಾನ. ಹನ್ನೊಂದನೆಯ ದಿನದ ತಿಥಿಯೊಳಗೆ ಎಲ್ಲ ನಡೆಯುತ್ತದೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂದವು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. 2016ರಲ್ಲಿ ಬಿಡುಗಡೆಯಾದಾಗ ನಮ್ಮ ಜನ ಮುಗಿಬಿದ್ದು ನೋಡಿದರು.

ಅದರ ಬೆನ್ನಿಗೇ ‘ತರ್ಲೆ ವಿಲೇಜ್’, ‘ಹಳ್ಳಿ ಪಂಚಾಯಿತಿ’ ಮೊದಲಾದವು ಬಂದವು. ಅದೇ ಗಡ್ಡಪ್ಪ, ಅದೇ ಸೆಂಚುರಿ ಗೌಡ. ‘ತಿಥಿ’ಯ ಎರಡನೇ ಭಾಗವೆಂದು ಯಾರೂ ಕರೆಯದಿದ್ದರೂ ಜನ ನೋಡಿದ್ದು ಹಾಗೆಯೇ. ಇವತ್ತು ಅವುಗಳ ಹೆಸರು ಎಷ್ಟು ಜನಕ್ಕೆ ನೆನಪಿದೆ?

ನನಗೆ ಕಾಣುವ ವ್ಯತ್ಯಾಸ ಇಷ್ಟು. ‘ತಿಥಿ’ಯಲ್ಲಿ ಯಾರೂ ನಮ್ಮನ್ನು ನಗಿಸಲು ಮಾತನಾಡುವುದಿಲ್ಲ, ಅವರವರ ಕೆಲಸಕ್ಕೆ ಮಾತನಾಡುತ್ತಾರೆ. ಅಂಥವರು ನಮ್ಮ ಬೀದಿಯಲ್ಲೇ ಇದ್ದಾರಲ್ಲ ಎಂದು ನಮಗೆ ನಗು ಬರುತ್ತದೆ. ಆಮೇಲಿನ ಚಿತ್ರಗಳಲ್ಲಿ ಆ ಮುಖಗಳು, ಆ ಮಾತು ನಗಿಸುವುದಕ್ಕೆಂದೇ ಬಳಕೆಯಾದವು. ಮುಖ ಬಂತು, ಬದುಕು ಹಿಂದೆಯೇ ಉಳಿಯಿತು. ‘ತಿಥಿ’ಯ ನಿಜವಾದ ಮುಂದುವರಿಕೆ ಎಂದರೆ ಈರೇಗೌಡರೇ ನಿರ್ದೇಶಿಸಿದ ‘ಬಳೆಕೆಂಪ’ ಎನ್ನುತ್ತೇನೆ. ಊರೂರು ತಿರುಗುವ ಬಳೆಗಾರನ ಕಥೆ. ಹಳೆಯ ಪಾತ್ರ ಒಂದೂ ಇಲ್ಲ, ಹಳೆಯ ಪ್ರಾಮಾಣಿಕತೆ ಇದೆ. 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಿತು. ಅದನ್ನು ನೋಡಿದವರು ನಮ್ಮಲ್ಲಿ ಇನ್ನೂ ಕಡಿಮೆ.

ಹಾಗಾದರೆ ಉಳಿದವು ಬೇಡವೇ? ಬೇಕು. ಕಥೆ ಸಪ್ಪೆಯಾದರೂ, ವಯಸ್ಸಾದವರೊಬ್ಬರು ಜಗಲಿಯ ಮೇಲೆ ಕುಳಿತು ‘ಯಾಕ್ಲಾ ಮಗ, ಎಲ್ಲಿಗ್ಲಾ ಒಂಟೆ?’ ಎನ್ನುವ ದನಿ ಮುಂದೆ ಎಲ್ಲಿ ಸಿಗುತ್ತದೆ? ಇಲ್ಲಿಂದ ಬೆಂಗಳೂರಿಗೆ ಓದಲು ಹೋದ ನಮ್ಮಲ್ಲಿ ಬಹಳ ಜನ, ‘ಹಾಲು’ ಎನ್ನುವ ಕಡೆ ‘ಆಲು’ ಎಂದದ್ದಕ್ಕೆ ನಗೆಪಾಟಲಾಗಿದ್ದೇವೆ. ಒಂದೇ ವರ್ಷದಲ್ಲಿ ಮಾತು ತಿದ್ದಿಕೊಂಡೆವು. ನಮ್ಮ ಮಕ್ಕಳಿಗೆ ಆ ಮಾತು ಬರುವುದೇ ಇಲ್ಲ. ಪುಸ್ತಕದಲ್ಲಿ ಪದ ಉಳಿಯಬಹುದು, ರಾಗ ಉಳಿಯುವುದಿಲ್ಲ. ಅದು ಇಂಥ ಚಿತ್ರಗಳಲ್ಲಿ ಉಳಿದಿದೆ.

ಆದರೆ ಚಿತ್ರಗಳೇ ಉಳಿಯಬೇಕಲ್ಲ. ಹಿಂದೆ ಸಿನಿಮಾ ರೀಲಿನಲ್ಲಿತ್ತು. ಡಬ್ಬಿಯಲ್ಲಿ ಮರೆತ ರೀಲನ್ನು ಬೆಳಕಿಗೆ ಹಿಡಿದರೆ, ಕೆಟ್ಟಿರದಿದ್ದರೆ, ಚಿತ್ರ ಕಣ್ಣಿಗೇ ಕಾಣುತ್ತದೆ. ಈಗ ಸಿನಿಮಾ ಎಂದರೆ ಹಾರ್ಡ್ ಡಿಸ್ಕಿನಲ್ಲಿರುವ ಫೈಲು. ಚಿತ್ರಮಂದಿರಕ್ಕೆ ಸಾಮಾನ್ಯವಾಗಿ ಬೀಗ ಹಾಕಿಯೇ ಕಳಿಸುತ್ತಾರೆ. ಅದರ ಡಿಜಿಟಲ್ ಕೀಲಿ ನಿಗದಿತ ದಿನಗಳ ನಂತರ ಕೆಲಸ ಮಾಡುವುದಿಲ್ಲ. ಮೂಲ ಪ್ರತಿಯಿರುವ ಡಿಸ್ಕು ಬೀರುವಿನಲ್ಲಿ ಕೆಟ್ಟರೆ ಬೆಳಕಿಗೆ ಹಿಡಿದು ನೋಡಲು ಏನೂ ಇರುವುದಿಲ್ಲ. ದೊಡ್ಡ ಚಿತ್ರಕ್ಕೆ ಹತ್ತು ಕಡೆ ಪ್ರತಿ ಇರುತ್ತದೆ. ಚಿಕ್ಕ ಚಿತ್ರ ಮೊದಲು ಹೋಗುತ್ತದೆ. ಇದು ನನ್ನ ಕೆಲಸದ ಮಾತಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಒಂದೇ ಪ್ರತಿ ಇದೆ ಎಂದರೆ ಇಲ್ಲವೆಂದೇ ಲೆಕ್ಕ.

ಅದಕ್ಕೇ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಊರಹಬ್ಬದ ಪೌರಾಣಿಕ ನಾಟಕದ ಸಿ.ಡಿ., ಮದುವೆಯ ವಿಡಿಯೊ ಕ್ಯಾಸೆಟ್, ಸೋಬಾನೆ ಪದದ ಧ್ವನಿಮುದ್ರಣ ಇದ್ದರೆ ಎಸೆಯಬೇಡಿ. ಶಾಲೆಗೆ ತಂದುಕೊಡಿ. ನಾವು ಹಳೆಯ ವಿದ್ಯಾರ್ಥಿಗಳು ಪ್ರತಿ ಮಾಡಿ, ಮೂರು ಕಡೆ ಇಟ್ಟು, ಮೂಲವನ್ನು ನಿಮಗೇ ಮರಳಿಸುತ್ತೇವೆ. ತಮ್ಮ ತಂಗಿಯರೇ, ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಅಜ್ಜ ಅಜ್ಜಿಯನ್ನು ಒಂದು ಗಂಟೆ ಮಾತನಾಡಿಸಿ ಹಿಡಿದಿಡಿ. ಚೆನ್ನಾಗಿ ಬರಲಿಲ್ಲವೆಂದು ಅಳಿಸಬೇಡಿ. ಐವತ್ತು ವರ್ಷದ ನಂತರ ಈ ಶಾಲೆ ಶತಮಾನೋತ್ಸವ ಮಾಡುವಾಗ ಚೆನ್ನಾಗಿ ಬಂದಿತ್ತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಉಳಿದಿದೆಯೇ ಎಂದು ಕೇಳುತ್ತಾರೆ.